ಬಲತೋಳಿನ ಕೊನೆಯ ಮಡಿಕೆ

ನಮೂನೆಯಲ್ಲಿ ‘ಎಡಗೈ’ ಎಂದು ಅಚ್ಚಾಗಿಯೇ ಬಂದಿತ್ತು. ಯಾರೂ ಕೂತು ಬರೆದದ್ದಲ್ಲ, ಯಾರೂ ನಿಂತು ಯೋಚಿಸಿದ್ದೂ ಅಲ್ಲ. ವಯಸ್ಸು ತಿಳಿಯಬೇಕಾದವರ ಎಡಗೈಯನ್ನು ಮಣಿಕಟ್ಟಿನ ಸಮೇತ ಎಕ್ಸ್‌ರೇ ತೆಗೆಯತಕ್ಕದ್ದು, ಅಷ್ಟೆ. ಬೆಳಿಗ್ಗೆ ಒಂಬತ್ತೂವರೆಗೆ ಪೊಲೀಸಮ್ಮ ಚೋಟುವನ್ನು ಆಸ್ಪತ್ರೆಯ ನೆಲಮಾಳಿಗೆಗೆ ಇಳಿಸಿದಳು. ಚೋಟು ಎಡಗೈಯನ್ನು ತಣ್ಣನೆಯ ಹಲಗೆಯ ಮೇಲಿಟ್ಟಳು. ಯಂತ್ರ ಒಮ್ಮೆ ಗುರ್ರೆಂದಿತು, ಕೆಲಸ ಮುಗಿಯಿತು. ಹನ್ನೊಂದಕ್ಕೆ ಮೇಲಿನ ಮಹಡಿಯಿಂದ ಕಾಗದ ಬಂತು: ಬೆಳವಣಿಗೆಯ ಗೆರೆಗಳು ಪೂರ್ತಿ ಮುಚ್ಚಿವೆ. ವಯಸ್ಸು ಹದಿನೆಂಟು ಅಥವಾ ಮೇಲ್ಪಟ್ಟು.

ಚೋಟುವಿಗೆ ಹದಿನಾಲ್ಕು.

ಕಾಗದ ಓದಿದ ತಾಯಿ ಗೋಡೆಗೆ ಆತುಕೊಂಡಳು. ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ರೋಲರಕ್ಕ ಎನ್ನುತ್ತಿದ್ದರು. ಹದಿನೇಳು ವರ್ಷ ಒಂದೇ ಯಂತ್ರದ ಮುಂದೆ ನಿಂತವಳಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಸಂಜೆ ನಾಲ್ಕಕ್ಕೆ ಇದೇ ಕಟ್ಟಡದ ಪಕ್ಕದ ಕಚೇರಿಯಲ್ಲಿ ವಯಸ್ಸು ತೀರ್ಮಾನಿಸುವ ಸಾಹೇಬರು ಕೂರುತ್ತಾರೆ. ಈ ಕಾಗದದ ಮೇಲೆ ಅವರ ಸಹಿ ಬಿದ್ದರೆ ಮಗಳು ದೊಡ್ಡವರ ಜೈಲಿಗೆ. ಹದಿನೆಂಟು ತುಂಬಿಲ್ಲ ಎಂದಾದರೆ ಮಕ್ಕಳ ಮನೆಗೆ, ಅಲ್ಲಿಂದ ಇವತ್ತಲ್ಲ ನಾಳೆ ತಾಯಿಯ ಮಡಿಲಿಗೆ. ನಡುವೆ ಇರುವುದು ಐದು ಗಂಟೆ ಮತ್ತು ಒಂದು ಕರಿ ಫಿಲ್ಮು.

“ಏನಂತೆ ಅಮ್ಮ?” ಬೆಂಚಿನ ಮೇಲಿಂದ ಚೋಟು ಕೇಳಿದಳು. ಮೈಮೇಲೆ ಲಾಂಡ್ರಿಯ ನೀಲಿ ಕೋಟು ಹಾಗೆಯೇ ಇತ್ತು. ಮೂರು ದಿನದ ಹಿಂದೆ ಕೆಲಸದ ನಡುವೆಯೇ ಎಳೆದೊಯ್ದಿದ್ದರಲ್ಲ, ಬಟ್ಟೆ ಬದಲಿಸಲು ಯಾರು ಬಿಟ್ಟರು?

“ನೀನು ದೊಡ್ಡೋಳಾಗಿದ್ದೀಯಂತೆ.”

“ಯಾವಾಗ?” ಎಂದಳು ಚೋಟು. ಪೊಲೀಸಮ್ಮನಿಗೆ ನಗು ಬಂತು, ತಡೆದುಕೊಂಡಳು.

ಚೋಟುವಿನ ಮೇಲಿದ್ದ ಆರೋಪ ಯಂತ್ರ ಮುರಿದದ್ದು. ಮುರಿದದ್ದು ನಿಜವೇ. ಆ ಲಾಂಡ್ರಿಗೆ ಊರಿನ ಆಸ್ಪತ್ರೆಗಳ ಚಾದರಗಳೆಲ್ಲ ಬರುತ್ತಿದ್ದವು. ಉಗಿಯಲ್ಲಿ ಕಾದ ಎರಡು ಉದ್ದನೆಯ ರೋಲರುಗಳ ನಡುವೆ ಒದ್ದೆ ಚಾದರ ತೂರಿಸಿದರೆ ಆ ಕಡೆ ಗರಿಗರಿಯಾಗಿ ಬೀಳುತ್ತಿತ್ತು. ರೋಲರಿನ ಮುಂದೆ ಒಂದು ತಡೆಕಂಬಿ. ಕೈ ಒಳಗೆ ಹೋದರೆ ಆ ಕಂಬಿಗೆ ತಗುಲಿ ಯಂತ್ರ ನಿಲ್ಲಬೇಕು. ಆದರೆ ಮೊಣಕೈ ಸೋಕಿದರೂ ನಿಲ್ಲುತ್ತಿತ್ತು, ನಿಂತರೆ ಚಾದರದ ಗುಡ್ಡೆ ಬೆಳೆಯುತ್ತಿತ್ತು, ಬೆಳೆದರೆ ಮಾಲೀಕರ ಮುಖ ಊದುತ್ತಿತ್ತು. ಮೇಸ್ತ್ರಿ ಆ ಕಂಬಿಯನ್ನು ಅಲುಗದಂತೆ ತಂತಿ ಸುತ್ತಿ ಬಿಗಿದುಬಿಟ್ಟಿದ್ದ. ತಂತಿ ಬಿಚ್ಚಿ ಎಂದು ಹೆಂಗಸರು ಒಂದು ತಿಂಗಳಿಂದ ಬಾಯಿ ಬಡಿದುಕೊಂಡರು, ಬಾಗಿಲಲ್ಲಿ ನಿಂತರು, ಅರ್ಜಿ ಕೊಟ್ಟರು. ಮೂರು ದಿನದ ಹಿಂದೆ ಗರ್ಭಿಣಿಯೊಬ್ಬಳ ಸೆರಗನ್ನು ರೋಲರು ಕಚ್ಚಿತು. ಸೆರಗಿನ ಹಿಂದೆ ಕೈ ಹೋಯಿತು. ಚೋಟು ಅಲ್ಲೇ ಬಿದ್ದಿದ್ದ ಕಬ್ಬಿಣದ ಸರಳನ್ನು ಎತ್ತಿ ಹಲ್ಲುಚಕ್ರಗಳ ನಡುವೆ ತುರುಕಿದಳು. ಯಂತ್ರ ಕಿರುಚಿ ನಿಂತಿತು. ಹೆಂಗಸಿನ ಎರಡು ಬೆರಳು ಹೋದವು, ಕೈ ಉಳಿಯಿತು. ಹಲ್ಲುಚಕ್ರ ಪುಡಿಪುಡಿ.

ಗಲಾಟೆ ಮಾಡುತ್ತಿದ್ದವರ ಗುಂಪಿನವಳು ಬೇಕೆಂದೇ ಯಂತ್ರ ನಾಶಮಾಡಿದಳು ಎಂದು ದೂರು ಹೋಯಿತು. ಎರಡು ಬೆರಳಿನ ಸುದ್ದಿ ದೂರಿನಲ್ಲಿ ಇರಲಿಲ್ಲ.

ರೋಲರಕ್ಕ ಎಕ್ಸ್‌ರೇ ಕೋಣೆಯ ಬಾಗಿಲು ತಳ್ಳಿದಳು. ಒಳಗಿದ್ದವಳು ನಲವತ್ತೈದರ ಹೆಂಗಸು, ಕತ್ತಿನಲ್ಲಿ ಕನ್ನಡಕ, ಕೈಯಲ್ಲಿ ಕಾಲು ಭಾಗ ಉಳಿದ ಬನ್ನು.

“ಊಟದ ಹೊತ್ತು, ಆಮೇಲೆ ಬಾ.”

“ಅಕ್ಕ, ಬೆಳಿಗ್ಗೆ ತೆಗೆದ ಫಿಲ್ಮು ತಪ್ಪು.”

“ಫಿಲ್ಮು ತಪ್ಪು ಹೇಳಲ್ಲಮ್ಮ. ತಪ್ಪು ಹೇಳೋದು ನಾವು.”

“ಅಕ್ಕ, ಆ ಕೈಗೆ ಸುಳ್ಳು ಹೇಳೋದನ್ನ ಕಲಿಸಿದ್ದೇ ನಾನು. ಒಂದು ಸಲ ಕೇಳಿಬಿಡು.”

ಹೆಂಗಸು ಬನ್ನು ಕೆಳಗಿಟ್ಟಳು.

ಮೇಜಿನ ಮೇಲೆ ಹಾಸಿದ್ದ ಚಾದರದ ಮೂಲೆಯಲ್ಲಿ ಅಳಿಯದ ಶಾಯಿಯ ಲಾಂಡ್ರಿ ಮೊಹರು ಕಂಡಿತು. ಈ ಚಾದರವೂ ರೋಲರಕ್ಕನ ಕೈ ದಾಟಿಯೇ ಬಂದದ್ದು. ಮಗಳ ಕೈ ಮಲಗಿದ್ದು ಅದರ ಪಕ್ಕದಲ್ಲೇ.

ಅವಳು ಹೇಳಿದಳು. ನಾಲ್ಕು ವರ್ಷದ ಹಿಂದೆ, ಚೋಟು ಹತ್ತರವಳು. ದಿಂಬಿನ ಚೀಲದ ಮೂಲೆಗಳನ್ನು ಹೊರಗೆಳೆಯಲು ದೊಡ್ಡವರ ಬೆರಳು ಹೋಗುವುದಿಲ್ಲ, ಪುಟ್ಟ ಬೆರಳು ಬೇಕು. ಕರೆದುಕೊಂಡು ಬಾ ಎಂದ ಮೇಸ್ತ್ರಿ. ಇವಳು ಕರೆದುಕೊಂಡು ಹೋದಳು. ಯಾರೂ ಜುಟ್ಟು ಹಿಡಿದು ಎಳೆದಿರಲಿಲ್ಲ. ಕಾಗದದಲ್ಲಿ ಹದಿನೆಂಟು ಅಂತ ಬರಿ ಎಂದ, ಬರೆದಳು. “ಇಲ್ಲಿ ಎಲ್ಲರೂ ಹದಿನೆಂಟಕ್ಕೇ ಹುಟ್ಟೋದು” ಎಂದು ಅವನು ನಕ್ಕಿದ್ದ, ಇವಳೂ ನಕ್ಕಿದ್ದಳು. ಮೂರನೇ ತಿಂಗಳು ರೋಲರು ಮಗುವಿನ ಎಡಗೈಯನ್ನು ಮಣಿಕಟ್ಟು ದಾಟುವವರೆಗೆ ಒಳಗೆ ತೆಗೆದುಕೊಂಡಿತು. ರೋಲರಿನ ಇನ್ನೊಂದು ತುದಿಯಲ್ಲಿ ಚಾದರ ಹಿಡಿದು ನಿಂತಿದ್ದವಳು ಇವಳೇ. ಆಸ್ಪತ್ರೆಯಲ್ಲಿ ಏನು ಹೇಳಿದಳು? ಮನೆಯಲ್ಲಿ ಬಿಸಿನೀರಿನ ಹಂಡೆ ಉರುಳಿತು ಎಂದಳು. ಹಾಗೆ ಹೇಳಿದರೆ ಇಬ್ಬರ ಕೆಲಸವೂ ಉಳಿಯುತ್ತದೆ ಎಂದಿದ್ದ ಮೇಸ್ತ್ರಿ. ಉಳಿಯಿತು. ಆಗಿನ ಡಾಕ್ಟರು ಫಿಲ್ಮಿನಲ್ಲಿ ಕಪ್ಪು ಗೆರೆಗಳನ್ನು ತೋರಿಸಿ, ಆರಾರು ತಿಂಗಳಿಗೆ ಕರೆದುಕೊಂಡು ಬಾ, ಮಗು ಬೆಳೆಯುವ ಜಾಗ ಇದು, ನೋಡುತ್ತಿರಬೇಕು ಎಂದಿದ್ದರು. ಇವಳು ಒಮ್ಮೆಯೂ ಹೋಗಲಿಲ್ಲ. ಗಾಯ ಒಣಗಿತ್ತಲ್ಲ.

ಎಕ್ಸ್‌ರೇ ಹೆಂಗಸು ಮೇಲಿನಿಂದ ವಾಪಸ್ ಬಂದಿದ್ದ ಬೆಳಗಿನ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು.

“ನಿನ್ನ ಕಿವಿ ಮುಟ್ಕೋ. ಮೇಲ್ಗಡೆ, ಬಾಗುತ್ತಲ್ಲ, ಅದು. ಮಕ್ಕಳ ಮೂಳೆ ತುದೀಲಿ ಅಂಥದ್ದೇ ಒಂದು ಮೆತ್ತನೆ ಪದರ ಇರುತ್ತೆ. ಅಲ್ಲಿ ಕಣಗಳು ಒಂದರ ಮೇಲೊಂದು ಪೇರಿಸ್ಕೊಂಡು ಹೋಗ್ತವೆ, ನೀವು ಮಡಿಸಿದ ಚಾದರ ಪೇರಿಸ್ತೀರಲ್ಲ, ಹಂಗೆ. ಹಳೇವು ಉಬ್ಬಿ, ಸುಣ್ಣ ಕಟ್ಟಿ, ಮೂಳೆಗೆ ಜಾಗ ಬಿಡ್ತವೆ. ಹೊಸವು ಹುಟ್ತಾನೇ ಇರ್ತವೆ. ಮಗು ಉದ್ದ ಆಗೋದು ಅಂದ್ರೆ ಅದೇ. ಮೆತ್ತನೇದು ಫಿಲ್ಮಲ್ಲಿ ಬೀಳಲ್ಲ, ಅದಕ್ಕೇ ಕಪ್ಪು ಗೆರೆ. ಮೈ ನೆರೆದು ದೊಡ್ಡೋರಾದ ಮೇಲೆ ಹಾರ್ಮೋನು ಬಂದು ಸಾಕು ನಿಲ್ಲಿಸಿ ಅನ್ನುತ್ತೆ. ಪೂರ್ತಿ ಮೂಳೆಯಾಗಿ ಗೆರೆ ಅಳಿಸಿಹೋಗುತ್ತೆ.”

“ಹಾರ್ಮೋನು ಒಂದೇನಾ ಅಕ್ಕ ಸಾಕು ಅನ್ನೋದು?”

ಹೆಂಗಸು ಫಿಲ್ಮಿನತ್ತಲೇ ನೋಡುತ್ತಿದ್ದಳು. “ಜಜ್ಜಿಹೋದ್ರೂ ನಿಲ್ಲುತ್ತೆ. ಸುಟ್ಟರೂ ನಿಲ್ಲುತ್ತೆ. ಒಳಗೆ ಕೀವಾದ್ರೂ ನಿಲ್ಲುತ್ತೆ. ಹೊಟ್ಟೆಗಿಲ್ಲದಿದ್ರೆ ನಿಧಾನ ಆಗುತ್ತೆ.” ಬೆರಳಿನಿಂದ ಮಣಿಕಟ್ಟು ತೋರಿಸಿ, “ಮುಚ್ಚಿದ ಗೆರೆ ಯಾಕೆ ಮುಚ್ತು ಅಂತ ಅದರ ಮೇಲೆ ಬರೆದಿರಲ್ಲ ನೋಡು” ಎಂದಳು.

“ನೀನು ಕೈ ನೋಡಿದ್ಯಲ್ಲ ಅಕ್ಕ, ಕಲೆ ಕಾಣಲಿಲ್ವಾ?”

“ಕಂಡಿತು.” ಅವಳ ದನಿ ಇಳಿಯಿತು. “ನಮೂನೇಲಿ ಕಲೆಗೆ ಜಾಗ ಇಲ್ಲ. ಮೇಲೆ ಕೂತು ಓದೋ ಡಾಕ್ಟರಿಗೆ ಫಿಲ್ಮು ಹೋಗುತ್ತೆ, ಮಗು ಹೋಗಲ್ಲ. ದಿನಕ್ಕೆ ಎಂಬತ್ತು ಕೈ ಹಾಯುತ್ತೆ ಈ ಮೇಜಿನ ಮೇಲೆ.”

“ಬಲಗೈ ತೆಗಿ ಅಕ್ಕ. ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬಿದ್ರೆ ಯಂತ್ರ ಓಡಲ್ಲ. ಡಾಕ್ಟರು ಬರ್ಕೊಡಬೇಕು. ಬರ್ಕೊಡೋಕೆ ಅವರಿಗೊಂದು ಕಾರಣ ಬೇಕು. ನಿನ್ನ ಹಳೇ ಚೀಟೀಲಿ ಏನಿದೆ? ಬಿಸಿನೀರು. ಬಿಸಿನೀರು ತೊಗಲು ಸುಡುತ್ತೆ, ಮೂಳೆ ಜಜ್ಜಲ್ಲ. ಹೋಗು, ಹೋಗಿ ನಿಜ ಹೇಳು. ಎರಡು ಗಂಟೆಗೆ ಅವರು ಮನೆಗೆ ಹೊರಡ್ತಾರೆ.”

ಮೆಟ್ಟಿಲ ಬಳಿ ಮೇಸ್ತ್ರಿ ಕಾಯುತ್ತಿದ್ದ. ಕೈಯಲ್ಲಿ ಎರಡು ಲೋಟ ಚಹಾ, ಒಂದು ಅವಳಿಗೆ.

“ತಗೋ ತಂಗಿ. ಮುಖ ನೋಡು ಹೆಂಗಾಗಿದೆ.”

ಅವಳು ತೆಗೆದುಕೊಳ್ಳಲಿಲ್ಲ.

“ನೋಡು, ನಾನು ನಿನ್ನ ಅಣ್ಣನ ಥರ ಹೇಳ್ತೀನಿ. ಹದಿನೆಂಟು ಅಂತ ಬಂದಿರೋದು ಒಳ್ಳೇದೇ ಆಯ್ತು. ನೀನು ಬರೆದಿದ್ದು ಸುಳ್ಳಲ್ಲ ಅಂತಾಯ್ತು. ಹುಡುಗಿ ಒಂದು ತಿಂಗಳು ಒಳಗಿರ್ತಾಳೆ, ಅಷ್ಟರಲ್ಲಿ ಮಾಲೀಕರ ಸಿಟ್ಟು ಇಳಿಯುತ್ತೆ, ದೂರು ವಾಪಸ್ ತಗೋತೀವಿ. ನೀನೇ ಈಗ ಬಾಯಿ ಬಿಟ್ಟೆ ಅನ್ಕೋ, ಹತ್ತು ವರ್ಷದ ಮಗೂನ ಯಂತ್ರಕ್ಕೆ ನಿಲ್ಸಿದ ತಾಯಿ ಯಾರು ಅಂತ ಕೇಳ್ತಾರೆ. ನನ್ನ ಹೆಸರು ಎಲ್ಲಿದೆ ಆ ಕಾಗದದಲ್ಲಿ? ಸಹಿ ನಿಂದು.”

ಅವನು ಹೇಳುತ್ತಿದ್ದುದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾಲ್ಕು ವರ್ಷದ ಹಿಂದೆಯೂ ಅವನು ಹೀಗೆಯೇ ಮೆಟ್ಟಿಲ ಬಳಿ ನಿಂತಿದ್ದ. ಆಗಲೂ ತಂಗಿ ಎಂದಿದ್ದ. ಆಗ ಅವಳು ಚಹಾ ಕುಡಿದಿದ್ದಳು.

“ಒಂದು ತಿಂಗಳು ಅಂದ್ಯಲ್ಲ,” ಎಂದಳು, “ಆ ತಂತಿ ಬಿಚ್ಚೋಕೂ ಒಂದು ತಿಂಗಳು ಅಂತಾನೇ ಅಂದಿದ್ದೆ.”

“ಅಯ್ಯೋ, ಅದೇ ಬೇರೆ ಇದೇ ಬೇರೆ.”

“ಎರಡೂ ನಿನ್ನ ಬಾಯಿಂದಾನೇ ಬಂದಿದ್ದು ಅಣ್ಣ. ಜರುಗು.”

ಜರುಗಲಿಲ್ಲ. ಅವಳು ಅವನ ಭುಜ ತಾಗಿಸಿಕೊಂಡೇ ಹತ್ತಿದಳು, ಚಹಾ ಚೆಲ್ಲಿತು. ಧೈರ್ಯ ಎಂಬುದೊಂದು ಎದೆಯಲ್ಲಿ ಉಕ್ಕುತ್ತದೆ ಎನ್ನುವವರು ಅದನ್ನು ಕಂಡವರಲ್ಲ. ಅವಳಿಗೆ ಉಕ್ಕಿದ್ದು ವಾಂತಿ ಮಾತ್ರ.

ಮೂಳೆ ಡಾಕ್ಟರು ಕೈಚೀಲಕ್ಕೆ ಊಟದ ಡಬ್ಬಿ ತುಂಬುತ್ತಿದ್ದರು. ಅವಳ ಮಾತನ್ನು ನಿಂತೇ ಕೇಳಿದರು. ಅರ್ಧಕ್ಕೆ ತಡೆದು, “ಅಮ್ಮ, ದಿನಾ ಒಬ್ಬರಲ್ಲ ಒಬ್ಬರು ತಾಯಿ ಬಂದು ನನ್ನ ಮಗು ಇನ್ನೂ ಚಿಕ್ಕದು ಅಂತಾರೆ. ಮೀಸೆ ಬಂದವನನ್ನೂ ಹನ್ನೆರಡು ಅಂತಾರೆ. ಕೈ ಬಿಸಿನೀರಲ್ಲಿ ಸುಟ್ಟಿದ್ದು ಅಂತ ನಮ್ಮಲ್ಲೇ ದಾಖಲೆ ಇದೆ. ಲಾಂಡ್ರಿಯವರ ಕಾಗದದ ಪ್ರಕಾರ ನಾಲ್ಕು ವರ್ಷದ ಹಿಂದೆ ಹದಿನೆಂಟು. ಅಂದ್ರೆ ಈಗ ಇಪ್ಪತ್ತೆರಡು. ನಿನ್ನ ಮಾತು ಬಿಟ್ರೆ ನಿನ್ನ ಹತ್ರ ಏನಿದೆ?” ಎಂದರು.

ಅವಳ ಹತ್ತಿರ ಏನೂ ಇರಲಿಲ್ಲ. ಹುಟ್ಟಿದ ಚೀಟಿ ಇರಲಿಲ್ಲ. ಶಾಲೆಯನ್ನು ಹತ್ತರಲ್ಲೇ ಬಿಡಿಸಿದ್ದಳು, ಆಮೇಲೆ ಶಾಲೆ ಮುಚ್ಚಿ ದಾಖಲೆಯೂ ಬೇರೆಲ್ಲಿಗೋ ಹೋಗಿತ್ತು. ತಿರುಗಿದಳು. ಬಾಗಿಲಾಚೆ ಪೊಲೀಸಮ್ಮನ ಜೊತೆ ಚೋಟು ನಿಂತಿದ್ದಳು, ಎಡಗೈಯನ್ನು ಅಭ್ಯಾಸದಂತೆ ಬೆನ್ನ ಹಿಂದೆ ಮರೆಮಾಡಿಕೊಂಡು. ಹಾಗೆ ಮರೆಮಾಡು ಎಂದು ಕಲಿಸಿದವಳೂ ಇವಳೇ. ಕೋಟಿನ ಬಲತೋಳಿನ ಮೇಲೆ ಪಟ್ಟೆಪಟ್ಟೆ. ಒಂದು ತಿಳಿ, ಅದರ ಕೆಳಗೆ ಗಾಢ, ಅದರ ಕೆಳಗೆ ಇನ್ನೂ ಗಾಢ ನೀಲಿ.

“ಬಾ ಇಲ್ಲಿ” ಎಂದಳು. ದನಿ ಎಷ್ಟು ಜೋರಾಯಿತೆಂದರೆ ಡಾಕ್ಟರು ಡಬ್ಬಿ ಕೆಳಗಿಟ್ಟರು.

ಮಗಳ ಕೊರಳಪಟ್ಟಿ ಹೊರಳಿಸಿ ತೋರಿಸಿದಳು. “ಓದಿ ಸಾರ್. ಕೋಟು ಕೊಟ್ಟ ವರ್ಷ, ಕೆಲಸದೋಳ ನಂಬರು. ಲಾಂಡ್ರಿ ಮೊಹರು, ಎಷ್ಟು ಒಗೆದ್ರೂ ಹೋಗಲ್ಲ. ನಾಲ್ಕು ವರ್ಷದ್ದು. ಅಲ್ಲಿ ದೊಡ್ಡೋರ ಅಳತೆ ಕೋಟು ಒಂದೇ ಕೊಡೋದು. ಇವಳಿಗೆ ಮೊಣಕಾಲಿಗೆ ಬರ್ತಿತ್ತು, ತೋಳು ನೆಲ ಗುಡಿಸ್ತಿತ್ತು. ಎರಡೂ ತೋಳಿಗೆ ಐದೈದು ಮಡಿಕೆ ಹಾಕಿ ನಾನೇ ಹೊಲಿದೆ. ಬೆಳೀತಾ ಬಂದ ಹಾಗೆ ಒಂದೊಂದೇ ಬಿಚ್ಚಿದೆ. ಬಿಚ್ಚಿದ ಕಡೆ ಬಣ್ಣ ಹೋಗಿರಲ್ಲ ನೋಡಿ. ಮೊದಲು ಬಿಚ್ಚಿದ್ದು ಮಾಸಿದೆ, ಕಳೆದ ವರ್ಷದ್ದು ಇನ್ನೂ ಹೊಸದು.”

ಡಾಕ್ಟರು ಕನ್ನಡಕ ಹಾಕಿಕೊಂಡರು. ಬಲತೋಳಿನಲ್ಲಿ ಬಿಚ್ಚಿದ ನಾಲ್ಕು ಮಡಿಕೆಯ ಗುರುತು, ಹೊಲಿಗೆಯ ಸಣ್ಣ ತೂತುಗಳ ಸಾಲು. ತುದಿಯಲ್ಲಿ ಒಂದು ಮಡಿಕೆ ಇನ್ನೂ ಹಾಗೇ ಇತ್ತು. ಎಡತೋಳಿನಲ್ಲಿ ಬಿಚ್ಚಿದ್ದು ಎರಡೇ. ಮೂರು ಹಾಗೇ ಇದ್ದವು.

“ಎಡಗೈ ಯಾಕೆ ಎರಡೇ?”

“ತೋಳಿನ ಮೇಲ್ಭಾಗ ಬೆಳೀತು ಸಾರ್. ಮಣಿಕಟ್ಟಿನ ಕಡೆ ನಿಂತುಹೋಯ್ತು.”

ಅವರು ಚೋಟುವಿನ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಇಟ್ಟರು. ಎಡಗೈ ಎರಡು ಬೆರಳಗಲ ಗಿಡ್ಡ. ಅಂಗೈ ಕೂಡ ಚಿಕ್ಕದು, ಚಿಕ್ಕ ಮಗುವಿನದು. ಹತ್ತು ವರ್ಷದ ಅಂಗೈ. ಅವರು ಬಹಳ ಹೊತ್ತು ನೋಡಿದರು. ಬೆಳಿಗ್ಗೆ ಇದನ್ನೇ ಹದಿನೆಂಟಕ್ಕೆ ಮೇಲ್ಪಟ್ಟು ಎಂದು ಬರೆದಿದ್ದವರು ಅವರೇ.

“ಹದಿನೆಂಟಾದ ಮೇಲೆ ಬಲಗೈ ನಾಲ್ಕು ಸಲ ಉದ್ದ ಆಯ್ತಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಒಂದು ಖಾಲಿ ಹಾಳೆ ಅವಳತ್ತ ತಳ್ಳಿದರು. “ಬರಿ. ಎಲ್ಲಿ ಆಯ್ತು, ಯಾವ ಯಂತ್ರ, ಯಾರು ನಿಲ್ಸಿದ್ದು. ಅದು ಇಲ್ದೆ ನಾನು ಇನ್ನೊಂದು ಫಿಲ್ಮು ಕೇಳೋಕಾಗಲ್ಲ. ಆದರೆ ಅಮ್ಮ, ಇದು ನಿನ್ನ ಕೊರಳಿಗೇ ಬರುತ್ತೆ, ಗೊತ್ತಿರಲಿ.”

ಅವಳು ಬರೆದಳು. ಯಾರು ನಿಲ್ಲಿಸಿದ್ದು ಎಂಬಲ್ಲಿ ಮೊದಲು ‘ನಾನು’ ಎಂದು ಬರೆದಳು. ಅದರ ಮುಂದೆ ಮೇಸ್ತ್ರಿ, ಅದರ ಮುಂದೆ ಮಾಲೀಕ. ತಂತಿಯನ್ನೂ ಬರೆದಳು. ಹಾಳೆ ಸಾಲಲಿಲ್ಲ, ಹಿಂದುಗಡೆಯೂ ಬರೆದಳು.

ನೆಲಮಾಳಿಗೆಯಲ್ಲಿ ಎಕ್ಸ್‌ರೇ ಹೆಂಗಸು ಡಾಕ್ಟರ ಚೀಟಿ ತೆಗೆದುಕೊಂಡಳು. ಈ ಸಲ ಬಲಗೈ ಹಲಗೆಯ ಮೇಲೆ ಮಲಗಿತು. ಫಿಲ್ಮು ಬಂತು, ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು, ಪಕ್ಕದಲ್ಲೇ ಬೆಳಗಿನದು. ಎಡಗೈಯ ಮಣಿಕಟ್ಟು ಬಿಳಿ ಸುಣ್ಣದ ಗೋಡೆಯ ಹಾಗೆ ಒಂದೇ ಸಮ. ಬಲಗೈಯ ಮಣಿಕಟ್ಟಿನ ಎರಡು ಮೂಳೆಗೂ ಅಡ್ಡಲಾಗಿ ಸ್ಪಷ್ಟವಾದ ಕಪ್ಪು ಗೆರೆ.

“ತೆರೆದಿದೆ” ಎಂದಳು ಹೆಂಗಸು. “ಪೂರ್ತಿ ತೆರೆದಿದೆ.”

ರೋಲರಕ್ಕ ನೆಲದ ಮೇಲೆ ಕುಕ್ಕರಿಸಿದಳು. ಅವಳು ಅತ್ತು ನಾಲ್ಕು ವರ್ಷವಾಗಿತ್ತು, ಈಗಲೂ ಕಣ್ಣೀರು ಬರಲಿಲ್ಲ, ಒಂದು ವಿಚಿತ್ರ ಸದ್ದು ಬಂತು. ಪೊಲೀಸಮ್ಮ ಬೇರೆ ಕಡೆ ನೋಡಿದಳು.

ನಾಲ್ಕಕ್ಕೆ ಸಾಹೇಬರ ಮೇಜಿನ ಮೇಲೆ ಎರಡು ಫಿಲ್ಮು, ಎರಡು ವರದಿ, ತಾಯಿ ಬರೆದ ಹಾಳೆ, ಲಾಂಡ್ರಿಯ ಕಾಗದ, ಒಂದು ಕೋಟು. ಮೇಸ್ತ್ರಿ ಗೋಡೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ, ಚೆಲ್ಲಿದ ಚಹಾದ ಕಲೆ ಅವನ ಅಂಗಿಯ ಮೇಲಿತ್ತು.

ಸಾಹೇಬರು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. “ಒಂದು ಕೈಗೆ ಹದಿನೆಂಟು, ಇನ್ನೊಂದಕ್ಕೆ ಹದಿನಾಲ್ಕು, ಕಾಗದದಲ್ಲಿ ಇಪ್ಪತ್ತೆರಡು. ಎಷ್ಟು ಜನ ಹುಡುಗಿಯರನ್ನ ಕರ್ಕೊಂಡು ಬಂದಿದ್ದೀರಿ?”

ಸಾಹೇಬರು ಲಾಂಡ್ರಿಯ ಕಾಗದ ಎತ್ತಿಕೊಂಡರು.

“ಹದಿನೆಂಟು ಅಂತ ಬರೆದದ್ದು ಯಾರು?”

“ನಾನು” ಎಂದಳು ರೋಲರಕ್ಕ.

“ಸುಳ್ಳು ಅಂತ ಗೊತ್ತಿತ್ತಾ?”

“ನಾನೇ ಹೆತ್ತೋಳು ಸಾಹೇಬ್ರೆ. ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಬರೆಸಿದೋರಿಗೂ ಗೊತ್ತಿತ್ತು.” ಗೋಡೆಯ ಕಡೆ ಬೆರಳು ತೋರಿಸಿದಳು. “ನಂದು ಬರೀರಿ, ನಾನು ಬೇಡ ಅನ್ನಲ್ಲ. ಕೋಟಿನ ಮೊಹರೂ ಬರೀರಿ. ವರ್ಷನೂ ಬರೀರಿ. ಬರೆದು ನನಗೆ ಓದಿ ಹೇಳಿ.”

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ತಲೆಯಾಡಿಸಿದರು. ಬರೆಯುವ ಸದ್ದು ಬಹಳ ಹೊತ್ತು ಕೇಳಿತು. ಹುಡುಗಿ ಅಪ್ರಾಪ್ತೆ, ಮಕ್ಕಳ ಮನೆಗೆ ಕಳಿಸತಕ್ಕದ್ದು. ತಾಯಿ ಸುಳ್ಳು ಹೇಳಿಕೆ ಕೊಟ್ಟಿದ್ದಾಳೆ, ಮಗುವನ್ನು ಅಪಾಯದ ಕೆಲಸಕ್ಕೆ ಹಚ್ಚಿದ್ದಾಳೆ, ಇವತ್ತೇ ವಶಕ್ಕೆ. ಲಾಂಡ್ರಿಯ ವಿಷಯ?

“ಅದಕ್ಕೆ ಬೇರೆ ಇಲಾಖೆ ಇದೆ” ಎಂದರು ಸಾಹೇಬರು. “ನಾನು ಬರೆದು ಕಳಿಸ್ತೀನಿ. ವಿಚಾರಿಸ್ತಾರೆ.”

ತಾಯಿಗೆ ಇವತ್ತೇ, ಮಾಲೀಕನಿಗೆ ವಿಚಾರಣೆ. ಮೇಸ್ತ್ರಿ ಸದ್ದಿಲ್ಲದೆ ಬಾಗಿಲ ಕಡೆ ಸರಿದ. ರೋಲರಕ್ಕ ಅವನನ್ನು ನೋಡಲೂ ಇಲ್ಲ. ಅವಳಿಗೆ ಕೇಳಿಸಿದ್ದು ‘ಮಕ್ಕಳ ಮನೆ’ ಎಂಬುದೊಂದೇ.

ಕೋಟು ಸಾಕ್ಷಿಯಾಗಿ ಸಾಹೇಬರ ಬಳಿಯೇ ಉಳಿಯಿತು. ಚೋಟು ತೋಳಿಲ್ಲದ ಒಳಂಗಿಯಲ್ಲಿ ವರಾಂಡಕ್ಕೆ ಬಂದಳು, ಎರಡೂ ಕೈ ಬೆತ್ತಲೆ. ಪೊಲೀಸಮ್ಮ ತನ್ನ ಶಾಲು ಹೊದಿಸಲು ಹೋದಳು. “ಬೇಡ, ಸೆಖೆ” ಎಂದಳು ಚೋಟು. ಮಕ್ಕಳ ಮನೆಯ ಗಾಡಿ ಬರಲು ಇನ್ನೂ ಐದು ನಿಮಿಷವಿತ್ತು. ಅಲ್ಲಿಯವರೆಗೆ ಒಟ್ಟಿಗೆ ಕೂರಲು ಬಿಟ್ಟರು.

“ಬಲಗೈ ಗೆರೆ ತೆರೆದಿದೆ ಅಂದ್ರೆ ಇನ್ನೂ ಬೆಳೆಯುತ್ತಾ ಅಮ್ಮ?”

“ಬೆಳೆಯುತ್ತಂತೆ. ಇನ್ನೂ ಒಂದೆರಡು ವರ್ಷ.”

ಚೋಟು ಎರಡೂ ಕೈ ಮುಂದೆ ಚಾಚಿ ಅಳೆದಳು. ಎಡಗೈಯನ್ನು ಬೆನ್ನ ಹಿಂದೆ ಒಯ್ಯಲಿಲ್ಲ. ಅವಳಿಗೆ ಲೆಕ್ಕ ಹೊಳೆದದ್ದು ಆಗ.

“ಹಂಗಾದ್ರೆ ಇದು ಇನ್ನೂ ಗಿಡ್ಡ ಆಗ್ತಾ ಹೋಗುತ್ತೆ.”

ಜೈಲು ತಪ್ಪಿಸಿದ ಆ ಕಪ್ಪು ಗೆರೆ ಇನ್ನೊಂದು ಕೈಯನ್ನು ಹಿಂದೆ ಬಿಟ್ಟು ಬೆಳೆಯುತ್ತಲೇ ಇರುತ್ತದೆ. ತಾಯಿ ಇಲ್ಲ ಎನ್ನಬಹುದಿತ್ತು. ಇಲ್ಲ ಎಂದು ಹೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

“ಹೂಂ” ಎಂದಳು. “ಆಗುತ್ತೆ.”

ಗಾಡಿ ಬಂದು ನಿಂತಿತು. ಚೋಟು ಎದ್ದು ಎರಡು ಹೆಜ್ಜೆ ಹೋಗಿ ತಿರುಗಿದಳು.

“ಅಮ್ಮ, ಬಲತೋಳಲ್ಲಿ ಇನ್ನೊಂದು ಮಡಿಕೆ ಇತ್ತಲ್ಲ. ಕೋಟು ವಾಪಸ್ ಕೊಟ್ರೆ ಬಿಚ್ಚಿಕೊಡು.”

“ಬಿಚ್ಚಿಕೊಡಲ್ಲ” ಎಂದಳು ರೋಲರಕ್ಕ. “ಆ ಕೋಟು ನೀನಿನ್ನು ಹಾಕಲ್ಲ.”

ಅಷ್ಟರಲ್ಲಿ ಅವಳನ್ನೂ ಒಳಗೆ ಕರೆದರು.